ಬಿಡುವ ಕೆಲಸ ಯಾವುದು?

ಇವತ್ತು ಆಗಲೇಬೇಕಾದ ಕೆಲಸ ಯಾವುದೆಂದು ಬೆಳಗ್ಗೆ ಏಳುವಾಗಲೇ ನಮಗೆ ಗೊತ್ತಿರುತ್ತದೆ. ಅರ್ಧಕ್ಕೆ ನಿಂತ ಥೀಸಿಸ್ಸಿನ ಅಧ್ಯಾಯ, ತಿಂಗಳುಗಟ್ಟಲೆ ಮುಂದೂಡಿದ ಅಪ್ಪನ ಕಣ್ಣಿನ ತಪಾಸಣೆ, ಜಮೀನಿನ ಪೋಡಿಗೆ ಕೊಡಬೇಕಾದ ಅರ್ಜಿ, ಇಂಥದ್ದು ಯಾವುದೋ ಒಂದು. ರಾತ್ರಿ ದಿಂಬಿಗೆ ತಲೆ ಕೊಟ್ಟಾಗ ನೋಡಿದರೆ ಕರೆಂಟ್ ಬಿಲ್ ಕಟ್ಟಿಯಾಗಿದೆ, ಗ್ಯಾಸ್ ಬುಕ್ ಆಗಿದೆ, ಫ್ಯಾಮಿಲಿ ಗ್ರೂಪಿನಲ್ಲಿ ಹುಟ್ಟುಹಬ್ಬದವರಿಗೆಲ್ಲ ಹಾರೈಸಿಯಾಗಿದೆ, ಆಫೀಸಿನ ಮೇಲ್‌ಗಳಿಗೆ ಉತ್ತರ ಹೋಗಿದೆ. ಅದೊಂದು ಮಾತ್ರ ಹಾಗೇ ಕೂತಿದೆ.

ಇದಕ್ಕೆ ಸೋಮಾರಿತನವೆಂಬ ಹಳೇ ಉತ್ತರ ಹೊಂದುವುದಿಲ್ಲ. ಸೋಮಾರಿಯಾಗಿದ್ದರೆ ಬಿಲ್ಲನ್ನೂ ಕಟ್ಟುತ್ತಿರಲಿಲ್ಲ. ಯಾವುದು ಮುಖ್ಯವೆಂದು ಗೊತ್ತಿಲ್ಲದೆಯೂ ಅಲ್ಲ, ಬೆಳಗ್ಗೆಯೇ ಗೊತ್ತಿತ್ತು. ಗೊತ್ತಿದ್ದು, ದಿನವಿಡೀ ದುಡಿದು, ಕೊನೆಗೆ ಮುಖ್ಯವಾದದ್ದೇ ಹಿಂದೆ ಬೀಳುತ್ತದೆ. ಎಡವಟ್ಟು ಎಲ್ಲಿ?

ಇದೇ ಪೇಚಿಗೆ ಸಿಕ್ಕಿ ಪಾರಾದ ಯಂತ್ರವೊಂದಿದೆ. ಮನುಷ್ಯನ ತಲೆಯನ್ನು ಬಿಚ್ಚಿ ನೋಡುವುದು ಕಷ್ಟ. ಆ ಯಂತ್ರದ ತಲೆಯೊಳಗೆ ಏನೇನಾಯಿತೆಂಬುದು ಮಾತ್ರ ಪೂರ್ತಿ ದಾಖಲಾಗಿದೆ. ಅದಕ್ಕೇ ಅಲ್ಲಿಂದ ಶುರು ಮಾಡೋಣ.

ಹತ್ತು ಕಿಲೋಮೀಟರ್ ಎತ್ತರದಲ್ಲಿ

ನಮ್ಮ ಗಡಿಯಾರದ ಪ್ರಕಾರ 1969ರ ಜುಲೈ 21ರ ನಸುಕು. ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಇದ್ದ, ಅಪೋಲೊ ಯಾನದ ಪುಟ್ಟ ನೌಕೆ ಚಂದ್ರನತ್ತ ಇಳಿಯುತ್ತಿತ್ತು. ನೆಲ ಇನ್ನೂ ಸುಮಾರು ಹತ್ತು ಕಿಲೋಮೀಟರ್ ಕೆಳಗಿರುವಾಗ ಎಚ್ಚರಿಕೆಯ ದೀಪ ಹೊತ್ತಿತು. ಏನೆಂದು ಕಂಪ್ಯೂಟರನ್ನು ಕೇಳಿದರೆ ಪರದೆಯ ಮೇಲೆ ಒಂದು ಸಂಖ್ಯೆ: 1202. ಅದರ ಅರ್ಥ ಇಬ್ಬರಿಗೂ ತಿಳಿಯಲಿಲ್ಲ. ಭೂಮಿಯಲ್ಲಿ, ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದವರನ್ನು ಕೇಳಿದರು. ಅರ್ಧ ನಿಮಿಷದೊಳಗೆ ಉತ್ತರ ಬಂತು: ಪರವಾಗಿಲ್ಲ, ಮುಂದುವರಿಯಿರಿ. ನೆಲ ಮುಟ್ಟುವುದರೊಳಗೆ ಅಂಥ ಎಚ್ಚರಿಕೆ ಒಟ್ಟು ಐದು ಸಲ ಬಂತು. ನಮ್ಮ ಸಮಯ 1 ಗಂಟೆ 47 ನಿಮಿಷಕ್ಕೆ ನೌಕೆ ಇಳಿಯಿತು.

ಅಪೋಲೊ ಕಂಪ್ಯೂಟರ್ ಇವತ್ತಿನ ಮೊಬೈಲಿನ ಮುಂದೆ ಏನೇನೂ ಅಲ್ಲ ಎಂಬ ಮಾತನ್ನು ಓದುಗರು ಕೇಳಿಯೇ ಇರುತ್ತೀರಿ. ನಿಜವೇ. ಅದರ ಕಾಯಂ ನೆನಪಿನಲ್ಲಿ ಹಿಡಿಯುತ್ತಿದ್ದುದು 36,864 ಪದಗಳು. ಅಳಿಸಿ ಬರೆಯಬಹುದಾದ ನೆನಪು ಬರೀ 2,048 ಪದಗಳಷ್ಟು. ಇಲ್ಲಿ ಪದವೆಂದರೆ ಹದಿನಾರು ಸೊನ್ನೆ-ಒಂದುಗಳ ಸಾಲು. ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕೂ ಇದರಲ್ಲಿ ಜಾಗ ಸಾಲದು. ಕಾಯಂ ನೆನಪನ್ನಂತೂ ಮ್ಯಾಸಚೂಸೆಟ್ಸಿನ ವಾಲ್ಥಮ್‌ನ ಕಾರ್ಖಾನೆಯಲ್ಲಿ ಹೆಂಗಸರು ಕೈಯಾರೆ ಹೆಣೆದಿದ್ದರು. ತಂತಿ ಉಂಗುರದೊಳಗೆ ಹಾದರೆ ಒಂದು, ಹೊರಗೆ ಹಾದರೆ ಸೊನ್ನೆ. ಪ್ರೋಗ್ರಾಮನ್ನು ನೇಯುತ್ತಿದ್ದರು ಎಂದರೆ ಅದು ಅಲಂಕಾರದ ಮಾತಲ್ಲ.

ಇಷ್ಟು ಬಡ ಯಂತ್ರಕ್ಕೆ ಇಳಿಯುವಾಗ ಕೈತುಂಬ ಕೆಲಸವಿತ್ತು. ನಾವೆಲ್ಲಿದ್ದೇವೆ, ಎಷ್ಟು ವೇಗ, ಎಂಜಿನ್ ಎಷ್ಟು ಉರಿಯಬೇಕು, ನೌಕೆ ಯಾವ ಕಡೆ ವಾಲಬೇಕು ಎಂಬ ಪೂರ್ತಿ ಲೆಕ್ಕವನ್ನು ಎರಡು ಸೆಕೆಂಡಿಗೊಮ್ಮೆ ಹೊಸದಾಗಿ ಹಾಕಬೇಕು. ನಡುನಡುವೆ ಗಗನಯಾತ್ರಿಗಳು ಒತ್ತಿದ ಕೀಲಿಗಳಿಗೆ ಓಗೊಡಬೇಕು, ಕೇಳಿದ ಅಂಕಿಗಳನ್ನು ತೋರಿಸಬೇಕು.

ಬೋಗುಣಿಗಳು ಮುಗಿದವು

1202ರ ಅರ್ಥ ತಿಳಿಯಬೇಕಾದರೆ ಮದುವೆ ಮನೆಯ ಅಡುಗೆ ಕೊಟ್ಟಿಗೆಗೆ ಹೋಗಬೇಕು. ಭಟ್ಟರ ಬಳಿ ಏಳೆಂಟು ಬೋಗುಣಿಗಳಿವೆ ಎನ್ನಿ. ಪಲ್ಯ, ಸಾರು, ಕೋಸಂಬರಿ, ಯಾವುದನ್ನು ಶುರು ಮಾಡಿದರೂ ಹೆಚ್ಚಿದ ತರಕಾರಿ, ರುಬ್ಬಿದ ಮಸಾಲೆ ಇಟ್ಟುಕೊಳ್ಳಲು ಒಂದು ಬೋಗುಣಿ ಬೇಕು. ಅಡುಗೆ ಇಳಿದ ಕೂಡಲೇ ಬೋಗುಣಿ ತೊಳೆದು ವಾಪಸ್. ಹೀಗೆ ತಿರುಗುತ್ತಿದ್ದರೆ ಎಂಟೇ ಬೋಗುಣಿಯಲ್ಲಿ ಸಾವಿರ ಜನರ ಊಟ ಏಳುತ್ತದೆ. ಆದರೆ ಸೌದೆ ಹಸಿ ಇದ್ದರೆ? ಒಲೆ ಮಂದವಾಗುತ್ತದೆ, ಹಿಡಿದ ಬೋಗುಣಿ ಬಿಡುಗಡೆಯಾಗುವುದಿಲ್ಲ, ಅಷ್ಟರಲ್ಲಿ ಮುಂದಿನ ಅಡುಗೆಯ ಹೊತ್ತು ಬಂದು ಬೋಗುಣಿ ಕೇಳುತ್ತದೆ. ಅರೆಬೆಂದ ಅಡುಗೆಗಳು ಎಲ್ಲ ಬೋಗುಣಿಗಳನ್ನೂ ಹಿಡಿದು ಕೂತಿವೆ, ಒಂದೂ ಮುಗಿಯುತ್ತಿಲ್ಲ.

ಚಂದ್ರನ ಹತ್ತಿರ ಆದದ್ದು ಇದೇ. ಶುರುವಾದ ಪ್ರತಿ ಕೆಲಸಕ್ಕೂ ಆ ಕಂಪ್ಯೂಟರ್ ಹನ್ನೆರಡು ಪದಗಳ ಒಂದು ಗೂಡು ಕೊಡುತ್ತಿತ್ತು. ಇದ್ದದ್ದು ಅಂಥ ಏಳೆಂಟು ಗೂಡು. ಇಳಿಯುವಾಗ ಬೇಕಿಲ್ಲದ ಒಂದು ರೇಡಾರಿನ ಸ್ವಿಚ್ಚು ಇದ್ದ ಸ್ಥಿತಿಯಿಂದಾಗಿ, ಅದರ ವಿದ್ಯುತ್ ಸಂಕೇತಗಳು ಕಂಪ್ಯೂಟರಿನ ಸಮಯದಲ್ಲಿ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚನ್ನು ಸುಮ್ಮನೆ ನುಂಗುತ್ತಿದ್ದವು. ಎರಡು ಸೆಕೆಂಡಿನಲ್ಲಿ ಮುಗಿಯಬೇಕಾದ ಲೆಕ್ಕ ಎರಡು ಸೆಕೆಂಡಿಗೆ ಮುಗಿಯಲಿಲ್ಲ. ಅದು ಮುಗಿಯುವ ಮೊದಲೇ ಮುಂದಿನ ಲೆಕ್ಕ ಎದ್ದು ಹೊಸ ಗೂಡು ಕೇಳಿತು, ಅದರ ಹಿಂದೆ ಮತ್ತೊಂದು. ಕೊನೆಗೆ ಕೊಡಲು ಗೂಡೇ ಇಲ್ಲ. 1202 ಎಂದರೆ ಇಷ್ಟೇ: ಜಾಗ ಮುಗಿಯಿತು.

ಗಮನಿಸಬೇಕಾದ ಒಂದು ಸಂಗತಿ ಇದೆ. ಕೆಲಸ ಹೆಚ್ಚಾಯಿತೆಂದು ಯಂತ್ರ ನಿಧಾನವಾಗಿದ್ದರೆ ಅದೊಂದು ಮಾತು. ಇಲ್ಲಿ ಮುಗಿಯದ ಕೆಲಸಗಳೇ ಜಾಗ ಹಿಡಿದುಕೊಂಡು ಮುಗಿಯಬೇಕಾದದ್ದಕ್ಕೆ ಅಡ್ಡ ಕೂತವು.

ಕೈಬಿಡುವ ಬುದ್ಧಿ

ಬೇರೆ ಕಂಪ್ಯೂಟರಾಗಿದ್ದರೆ ಇಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಇದು ನಿಲ್ಲಲಿಲ್ಲ. ಕಾರಣ, ಎಂಐಟಿಯ ಪ್ರಯೋಗಾಲಯದಲ್ಲಿ ಹಾಲ್ ಲ್ಯಾನಿಂಗ್ ಎಂಬ ಗಣಿತಜ್ಞ ವರ್ಷಗಳ ಹಿಂದೆಯೇ ರೂಪಿಸಿದ್ದ ಮೇಸ್ತ್ರಿ ಪ್ರೋಗ್ರಾಮು. ಅದನ್ನು ಎಕ್ಸಿಕ್ಯುಟಿವ್ ಎಂದು ಕರೆಯುತ್ತಿದ್ದರು. ಆಗ ರೂಢಿಯಲ್ಲಿದ್ದ ಇನ್ನೊಂದು ದಾರಿ, ಪ್ರತಿ ಕೆಲಸಕ್ಕೂ ಮೊದಲೇ ಇಷ್ಟಿಷ್ಟು ಹೊತ್ತೆಂದು ಸಮಯ ಹಂಚಿಬಿಡುವುದು, ಶಾಲೆಯ ಟೈಮ್‌ಟೇಬಲ್ ಹಾಗೆ. ಅದರಲ್ಲಿ ಒಂದು ಪೀರಿಯಡ್ ತಪ್ಪಿದರೆ ಮಿಕ್ಕದ್ದೆಲ್ಲ ತಪ್ಪುತ್ತದೆ. ಲ್ಯಾನಿಂಗ್ ಸಮಯ ಹಂಚಲಿಲ್ಲ. ಪ್ರತಿ ಕೆಲಸಕ್ಕೂ ಒಂದು ಆದ್ಯತೆಯ ಸಂಖ್ಯೆ ಕೊಟ್ಟರು. ನಡೆಯುತ್ತಿರುವ ಕೆಲಸವೇ ಆಗಾಗ ತಲೆಯೆತ್ತಿ, ತನಗಿಂತ ದೊಡ್ಡ ಸಂಖ್ಯೆಯವರು ಯಾರಾದರೂ ಕಾದಿದ್ದಾರೆಯೇ ಎಂದು ನೋಡಬೇಕು. ಇದ್ದರೆ ಜಾಗ ಬಿಡಬೇಕು.

ಇನ್ನೊಂದು ಏರ್ಪಾಟೂ ಇತ್ತು, ನನ್ನ ಮಟ್ಟಿಗೆ ಹೆಚ್ಚು ಸೊಗಸಾದದ್ದು ಅದೇ. ಮುಖ್ಯ ಕೆಲಸಗಳು ಸಾಗುತ್ತ ಸಾಗುತ್ತ, ಇಲ್ಲಿಯವರೆಗೆ ಆಯಿತು, ಮತ್ತೆ ಶುರು ಮಾಡಿದರೆ ಇಲ್ಲಿಂದ ಎಂದು ಗುರುತು ಹಾಕಿಕೊಳ್ಳುತ್ತಿದ್ದವು. ಇದನ್ನು ನಿಲುಗುರುತು ಎನ್ನೋಣ. ಗೂಡುಗಳು ಮುಗಿದಾಗ ಯಂತ್ರ ಎಲ್ಲವನ್ನೂ ಒಮ್ಮೆಗೆ ಗುಡಿಸಿ ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಎದ್ದಿತು. ನಿಲುಗುರುತು ಇದ್ದ ಕೆಲಸಗಳು ತಾವು ನಿಂತಲ್ಲಿಂದ ಮುಂದುವರಿದವು. ಹಳಸಿದ ಅರೆಬರೆ ಲೆಕ್ಕಗಳು ಮತ್ತೆ ಹುಟ್ಟಲಿಲ್ಲ. ಆಲ್ಡ್ರಿನ್ ಪರದೆಯ ಮೇಲೆ ನೋಡಬಯಸಿದ್ದ ಒಂದು ಹೆಚ್ಚುವರಿ ಅಂಕಿಯೂ ಹೋಯಿತು. ಎಂಜಿನ್ ಉರಿಯುತ್ತಲೇ ಇತ್ತು, ನೌಕೆ ಇಳಿಯುತ್ತಲೇ ಇತ್ತು.

ಮುಖ್ಯ ಕೆಲಸವನ್ನು ಮೊದಲು ಮಾಡುವುದು ಎಂದರೆ ನಾವು ಪಟ್ಟಿಯ ಮೇಲ್ತುದಿಯನ್ನು ನೋಡುತ್ತೇವೆ. ಅಪೋಲೊ ಕಂಪ್ಯೂಟರಿನ ಜಾಣ್ಮೆ ಇದ್ದದ್ದು ಪಟ್ಟಿಯ ಕೆಳತುದಿಯಲ್ಲಿ. ಇಕ್ಕಟ್ಟು ಬಂದಾಗ ಏನನ್ನು ಕೈಬಿಡಬೇಕು ಎಂಬುದು ಅದಕ್ಕೆ ಮೊದಲೇ ಗೊತ್ತಿತ್ತು.

ಅಲಾರಂ ಹಿಡಿದದ್ದು ಯಾರನ್ನು?

ಪ್ರತಿ ಎಚ್ಚರಿಕೆಯಾದ ಮೇಲೂ ಕಂಪ್ಯೂಟರ್ ಅರೆಕ್ಷಣದಲ್ಲಿ ಚೇತರಿಸಿಕೊಂಡಿತು. ಆರ್ಮ್‌ಸ್ಟ್ರಾಂಗ್‌ಗೆ ಹಾಗಾಗಲಿಲ್ಲ. ಆ ಹೊತ್ತಿನಲ್ಲಿ ಕಿಟಕಿಯಾಚೆ ನೋಡಿ ನೆಲದ ಗುರುತುಗಳನ್ನು ಪತ್ತೆ ಹಚ್ಚಬೇಕಿತ್ತು, ಆದರೆ ಗಮನವೆಲ್ಲ ಒಳಗೆ ಎಚ್ಚರಿಕೆಗಳ ಮೇಲೆಯೇ ಇತ್ತು ಎಂದು ಮರಳಿ ಬಂದ ಮೇಲೆ ಅವರೇ ಹೇಳಿದರು. ಹೊರಗೆ ನೋಡುವ ಹೊತ್ತಿಗೆ ನೌಕೆ ಬಂಡೆಗಳು ಹರಡಿದ ದೊಡ್ಡ ಕುಳಿಯೊಂದರ ಕಡೆ ಹೋಗುತ್ತಿತ್ತು. ಅವರು ಹಿಡಿತ ತಮ್ಮ ಕೈಗೆ ತೆಗೆದುಕೊಂಡು, ಇಂಧನ ತಳ ಮುಟ್ಟುತ್ತಿರುವಾಗ, ಆಚೆಗೆ ಸಾಗಿಸಿ ಇಳಿಸಬೇಕಾಯಿತು. ಜಗತ್ತಿನ ಅತ್ಯುತ್ತಮ ಪೈಲಟ್ಟುಗಳಲ್ಲಿ ಒಬ್ಬರ ಗಮನವನ್ನೂ ಮಿನುಗುವ ದೀಪವೊಂದು ಎಳೆದುಕೊಂಡಿತೆಂದರೆ, ನಮ್ಮನಿಮ್ಮ ಮಾತೇನು!

ನಮ್ಮ ತಲೆಯಲ್ಲೂ ಗೂಡುಗಳು ಕಡಿಮೆಯೇ. ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದು ಆಡಿಸಬಹುದಾದ ಸಂಗತಿಗಳು ನಾಲ್ಕರ ಆಸುಪಾಸು ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಲೆಕ್ಕ ಹಾಕಿದರು. ಗೂಡು ಕಡಿಮೆ ಇರುವುದು ತೊಡಕಲ್ಲ, ಅಪೋಲೊಗೂ ಇದ್ದವು ಏಳೆಂಟೇ. ತೊಡಕಿರುವುದು ಸಂಖ್ಯೆ ಅಂಟಿಸುವಲ್ಲಿ. ಅಲ್ಲಿ ಆದ್ಯತೆಯ ಸಂಖ್ಯೆಯನ್ನು ಇಂಜಿನಿಯರು ಕೊಟ್ಟಿದ್ದರು. ಇಲ್ಲಿ ಅದನ್ನು ಕೊಡುವುದು ಗಂಟೆ ಬಾರಿಸಿದವರು.

ಸರ್ಕಾರಿ ಶಾಲೆಯ ಮೇಷ್ಟರೊಬ್ಬರನ್ನು ನೆನೆಸಿಕೊಳ್ಳಿ. ನಾಲ್ಕನೇ ತರಗತಿಯಲ್ಲಿ ಐದಾರು ಮಕ್ಕಳಿಗೆ ಇನ್ನೂ ಒತ್ತಕ್ಷರ ಓದಲು ಬರುತ್ತಿಲ್ಲ. ಇವತ್ತು ಅವರನ್ನು ಪಕ್ಕಕ್ಕೆ ಕೂರಿಸಿಕೊಳ್ಳಬೇಕೆಂದು ಬಂದಿದ್ದಾರೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಗ್ರೂಪಿನಲ್ಲಿ ಸಂದೇಶ: ಅತಿ ತುರ್ತು, ಶೌಚಾಲಯದ ಫೋಟೊ ಹನ್ನೆರಡರೊಳಗೆ ಅಪ್‌ಲೋಡ್ ಮಾಡುವುದು. ಅದಾದ ಮೇಲೆ ಬಿಸಿಯೂಟದ ಅಂಕಿಅಂಶ, ಅದಾದ ಮೇಲೆ ಬ್ಯಾಂಕ್ ಖಾತೆ ಜೋಡಣೆಯಾಗದ ಮಕ್ಕಳ ಪಟ್ಟಿ. ಒತ್ತಕ್ಷರದ ಮೇಲೆ ಯಾರೂ ತುರ್ತು ಎಂದು ಬರೆದು ಕಳುಹಿಸುವುದಿಲ್ಲ. ಅದು ಇವತ್ತು ಆಗದಿದ್ದರೆ ನಾಳೆ ಯಾರೂ ಕಾರಣ ಕೇಳುವುದಿಲ್ಲ. ಏಳನೇ ತರಗತಿಗೆ ಬಂದ ಮೇಲೆ ಮಗು ಗಣಿತದ ಲೆಕ್ಕವನ್ನೇ ಓದಲಾರದೆ ಕೂತಾಗಷ್ಟೇ ಅದು ಕಾಣಿಸುವುದು.

ಹೀಗೆ ತುರ್ತು ಎಂಬ ಚೀಟಿಗೇ ಒಂದು ಸೆಳೆತವಿದೆಯೇ, ಕೆಲಸದ ಬೆಲೆಗೆ ಸಂಬಂಧವೇ ಇಲ್ಲದ ಸೆಳೆತ? ಮೆಂಗ್ ಝು, ಯಾಂಗ್ ಯಾಂಗ್, ಕ್ರಿಸ್ಟೋಫರ್ ಶೀ ಎಂಬ ಮೂವರು ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ಕೆದಕಿದವು. ಒಂದೇ ತೆರನಾದ ಎರಡು ಕೆಲಸ ಮುಂದಿಟ್ಟು ಒಂದನ್ನು ಆರಿಸಿಕೊಳ್ಳಿ ಎಂದರು. ಒಂದಕ್ಕೆ ಇನಾಮು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಕಡಿಮೆ ಇನಾಮಿನ ಕೆಲಸ ಬೇಗ ಕೈತಪ್ಪುತ್ತದೆ ಎಂದು ಗಡುವು ಅಂಟಿಸಿದರು. ಗಡುವು ಇದ್ದರೂ ಇಲ್ಲದಿದ್ದರೂ ಕೆಲಸ ಮುಗಿಸಲು ಸಮಯ ಬೇಕಾದಷ್ಟಿತ್ತು, ಅಂದರೆ ಆ ಗಡುವಿಗೆ ಯಾವ ಅರ್ಥವೂ ಇರಲಿಲ್ಲ. ಆದರೂ ಚೀಟಿ ಅಂಟಿಸಿದ ಮೇಲೆ ಕಡಿಮೆ ಇನಾಮಿನ ಕೆಲಸಕ್ಕೆ ಕೈ ಹಾಕಿದವರು ಹೆಚ್ಚಾದರು. ತಾವು ಸದಾ ಬಿಡುವಿಲ್ಲದವರು ಎಂದು ಹೇಳಿಕೊಳ್ಳುವವರಲ್ಲಿ ಈ ಸೆಳೆತ ಇನ್ನೂ ಜೋರು. ಆರಿಸುವ ಹೊತ್ತಿಗೆ ಇನಾಮಿನ ಕಡೆ ಗಮನ ಸೆಳೆದರೆ ಮಾತ್ರ ಅದು ಇಳಿಯಿತು. ಇದನ್ನು ಬರೀ ತುರ್ತಿನ ಸೆಳೆತ ಎಂದು ಕರೆಯಬಹುದು.

ತುರ್ತು ಬೇರೆ, ಮುಖ್ಯ ಬೇರೆ ಎಂಬ ಮಾತು ಹೊಸದೇನಲ್ಲ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಭಾಷಣವೊಂದರಲ್ಲಿ ಅದನ್ನು ಹೇಳಿದರು, ಅದೂ ಕಾಲೇಜೊಂದರ ಮಾಜಿ ಮುಖ್ಯಸ್ಥರ ಮಾತೆಂದು. ಮುಂದೆ ಸ್ಟೀಫನ್ ಕೋವಿ 1989ರ ತಮ್ಮ ಪುಸ್ತಕದಲ್ಲಿ ತುರ್ತು-ಮುಖ್ಯಗಳ ನಾಲ್ಕು ಚೌಕಗಳ ಕೋಷ್ಟಕವನ್ನು ಮನೆಮಾತಾಗಿಸಿದರು. ಈಗ ಪ್ರತಿ ಆಫೀಸಿನ ತರಬೇತಿಯಲ್ಲೂ ಅದನ್ನು ಬಿಡಿಸುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ಸಮಾಧಾನವಾಗಿ ಕೂತು ಚೌಕ ತುಂಬುವಾಗ ಯಾರೂ ತಪ್ಪುವುದಿಲ್ಲ. ತಪ್ಪುವುದು ಹನ್ನೊಂದೂವರೆಗೆ ಮೊಬೈಲ್ ಕಿಣಿಗುಟ್ಟಿದಾಗ, ಆಗ ಕೋಷ್ಟಕ ಡ್ರಾಯರಿನಲ್ಲಿರುತ್ತದೆ.

ಬಿಟ್ಟರೂ ಬಿಡದ ಕೆಲಸ

ಸರಿ, ಫೋಟೊ ಅಪ್‌ಲೋಡಿಗೆ ಐದೇ ನಿಮಿಷ ತಾನೇ, ಮುಗಿಸಿ ಮತ್ತೆ ಒತ್ತಕ್ಷರಕ್ಕೆ ಬಂದರಾಯಿತು ಎನ್ನಬಹುದು. ಐದು ನಿಮಿಷದ ಕೆಲಸಕ್ಕೆ ಐದೇ ನಿಮಿಷ ಹೋಗುವುದಾದರೆ ಈ ಅಧ್ಯಾಯವೇ ಬೇಕಿರಲಿಲ್ಲ.

ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದು ಇದನ್ನು: ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದವರ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದಿರುತ್ತದೆ. ಕೈ ಹೊಸ ಕೆಲಸದ ಮೇಲಿದ್ದರೂ ತಲೆಯ ಗೂಡೊಂದನ್ನು ಹಳೆಯದು ಬಿಟ್ಟುಕೊಟ್ಟಿರುವುದಿಲ್ಲ. ಹೊಸ ಕೆಲಸ ಕೆಡುತ್ತದೆ. ಇದಕ್ಕೆ ಗಮನಶೇಷ ಎಂಬ ಹೆಸರು ಸಾಕು. ಮೇಷ್ಟರು ಒತ್ತಕ್ಷರ ಬಿಟ್ಟು ಫೋಟೊಗೆ ಹೋದಾಗ ಒಂದು ಶೇಷ, ಫೋಟೊ ಅಪ್‌ಲೋಡ್ ಆಗದೆ ಗಿರಗಿರ ಸುತ್ತುತ್ತಿರುವಾಗಲೇ ಬಿಸಿಯೂಟದ ಅಂಕಿಗೆ ಹೋದರೆ ಇನ್ನೊಂದು. ಮತ್ತೆ ಮಕ್ಕಳ ಮುಂದೆ ಕೂರುವ ಹೊತ್ತಿಗೆ ಅವರ ತಲೆಯಲ್ಲಿ ಮಕ್ಕಳಿಗೆ ಉಳಿದಿರುವ ಗೂಡು ಒಂದೋ ಎರಡೋ.

ನಮ್ಮ ದಿನಕ್ಕೂ 1202 ಬೀಳುವುದು ಹೀಗೆ. ಮುಖ್ಯ ಕೆಲಸ ಸಾಮಾನ್ಯವಾಗಿ ದೊಡ್ಡದು, ಒಂದೇ ಸಲಕ್ಕೆ ಮೂರ್ನಾಲ್ಕು ಗೂಡು ಕೇಳುವಂಥದ್ದು. ಬಿಲ್ಲು, ಮೆಸೇಜು, ಫೋಟೊಗಳಿಗೆ ಒಂದೊಂದು ಸಾಕು. ಅರ್ಧ ತುಂಬಿದ ತಲೆಯಲ್ಲೂ ಅವು ನಡೆದುಹೋಗುತ್ತವೆ, ದೊಡ್ಡದು ನಡೆಯುವುದಿಲ್ಲ. ಅದಕ್ಕೇ ಸಣ್ಣವೆಲ್ಲ ಮುಗಿದು ಅದೊಂದೇ ಉಳಿಯುವುದು. ನಾವು ಅದನ್ನು ಮುಂದೂಡಿದೆವು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದಕ್ಕೆ ಕೂರಲು ಜಾಗವೇ ಸಿಕ್ಕಿರುವುದಿಲ್ಲ.

ಹಾಗಾದರೆ ನಮಗೂ ನಿಲುಗುರುತು ಹಾಕಲು ಬರುತ್ತದೆಯೇ? ಬರುತ್ತದೆ, ಅದೂ ಕಾಗದದ ಚೂರಿನ ಮೇಲೆ. ಲೆರಾಯ್ ಮತ್ತು ಥೆರೆಸಾ ಗ್ಲಾಂಬ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಡಚಣೆ ಬಂದಾಗ ಎಲ್ಲಿದ್ದೆ, ಮರಳಿದ ಮೇಲೆ ಮೊದಲು ಏನು ಮಾಡಬೇಕು ಎಂಬುದನ್ನು ಚುಟುಕಾಗಿ ಬರೆದಿಟ್ಟು ಎದ್ದವರ ಗಮನಶೇಷ ಇಳಿಯಿತು, ನಡುವೆ ಬಂದ ಕೆಲಸವನ್ನೂ ಅವರು ಚೆನ್ನಾಗಿ ಮಾಡಿದರು. ಈ ಸಾಲು ಎಷ್ಟು ನಿರ್ದಿಷ್ಟವಾಗಿರಬೇಕು ಎಂಬುದು ಮುಖ್ಯ. ಅಧ್ಯಾಯ ಮುಂದುವರಿಸಬೇಕು ಎಂದರೆ ಅದು ಗುರುತಲ್ಲ. ಎರಡನೇ ಕೋಷ್ಟಕದ ಕೆಳಗಿನ ಪ್ಯಾರಾ, ಮಳೆಯ ಅಂಕಿ ಏಕೆ ಹೊಂದುತ್ತಿಲ್ಲ ಎಂದು ಬರೆಯುತ್ತಿದ್ದೆ, ಮುಂದೆ 2014ರ ಸಾಲನ್ನು ನೋಡಬೇಕು ಎಂದಿದ್ದರೆ ಮನಸ್ಸು ಗೂಡು ಬಿಟ್ಟುಕೊಡುತ್ತದೆ.

ಗಾಜಿನ ಕೆಳಗಿನ ಚೀಟಿ

ಈಗ ಹ್ಯೂಸ್ಟನ್ನಿಗೆ ಮರಳಬೇಕು. ಅರ್ಧ ನಿಮಿಷದೊಳಗೆ ಮುಂದುವರಿಯಿರಿ ಎಂದು ಹೇಳಲು ಅವರಿಗೆ ಸಾಧ್ಯವಾದದ್ದು ಹೇಗೆ? ಆ ತೀರ್ಮಾನ ಕೊಟ್ಟ ಸ್ಟೀವ್ ಬೇಲ್ಸ್‌ಗೆ ಆಗ 26 ವರ್ಷ. ಹಿಂದಿನ ಕೋಣೆಯಿಂದ ಅವರ ಕಿವಿಗೆ ಉತ್ತರ ಮುಟ್ಟಿಸಿದ ಜ್ಯಾಕ್ ಗಾರ್ಮನ್‌ಗೆ 24. ಜಾಣರೇ ಇರಬಹುದು. ಆದರೆ ಉಡಾವಣೆಗೆ ಕೆಲವು ದಿನ ಮುಂಚೆ, ತಾಲೀಮಿನಲ್ಲಿ ಇಂಥದ್ದೇ ಎಚ್ಚರಿಕೆ ಬಂದಾಗ ಇದೇ ಬೇಲ್ಸ್ ಇಳಿಯುವುದನ್ನು ನಿಲ್ಲಿಸಿ ಎಂದುಬಿಟ್ಟಿದ್ದರು. ನಿಲ್ಲಿಸಬೇಕಾಗಿರಲಿಲ್ಲ. ಅಂದು ರೇಗಿದ ಮುಖ್ಯಸ್ಥ ಜೀನ್ ಕ್ರಾಂಜ್, ಸಾಧ್ಯವಿರುವ ಪ್ರತಿ ಎಚ್ಚರಿಕೆಗೂ ಏನು ಮಾಡಬೇಕೆಂದು ಬರೆದಿಡಿ ಎಂದರು. ಗಾರ್ಮನ್ ಕೈಯಲ್ಲೇ ಪಟ್ಟಿ ಬರೆದು ತನ್ನ ಮೇಜಿನ ಪಾರದರ್ಶಕ ಹಲಗೆಯ ಕೆಳಗೆ ಸಿಕ್ಕಿಸಿಟ್ಟುಕೊಂಡರು. ಇಳಿಯುವ ದಿನ 1202 ಬಂದಾಗ ಅವರು ಯೋಚಿಸಬೇಕಾಗಲಿಲ್ಲ, ಓದಿದರೆ ಸಾಕಾಗಿತ್ತು.

ಗಂಟೆ ಬಾರಿಸುವಾಗ ನಾವು ಆದ್ಯತೆ ತೀರ್ಮಾನಿಸಲು ಹೋಗುತ್ತೇವೆ. ಅದು ಆ ಕೆಲಸಕ್ಕೆ ತೀರಾ ಕೆಟ್ಟ ಹೊತ್ತು, ಏಕೆಂದರೆ ತೀರ್ಮಾನಿಸುವುದಕ್ಕೂ ಗೂಡು ಬೇಕು. ಮೊದಲೇ ಬರೆದಿಟ್ಟರೆ ಎಷ್ಟು ಫರಕು ಬೀಳುತ್ತದೆಂದು ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದರು. ಕ್ರಿಸ್ಮಸ್ ಹಿಂದಿನ ದಿನವನ್ನು ಹೇಗೆ ಕಳೆದಿರಿ ಎಂಬ ಸಣ್ಣ ವರದಿಯನ್ನು ಎರಡು ದಿನದೊಳಗೆ ಬರೆದು ಕಳುಹಿಸುವಂತೆ ವಿದ್ಯಾರ್ಥಿಗಳಿಗೆ ಹೇಳಿದ್ದರು. ಹಬ್ಬದ ಗಲಾಟೆಯಲ್ಲಿ ಯಾರಿಗೆ ನೆನಪಿರುತ್ತದೆ? ಕೆಲವರಿಂದ ಮಾತ್ರ, ಯಾವಾಗ, ಎಲ್ಲಿ ಕೂತು ಬರೆಯುತ್ತೀರೆಂದು ಮೊದಲೇ ಗೊತ್ತುಮಾಡಿಸಿದರು. ಅವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಬರೆದರು. ಉಳಿದವರಲ್ಲಿ ಮೂರರಲ್ಲೊಂದು ಪಾಲು.

ಹಿಂದಿನ ರಾತ್ರಿ ಬರೆಯುವ ಚೀಟಿಯಲ್ಲಿ ಹಾಗಾಗಿ ಕೆಲಸದ ಹೆಸರೊಂದೇ ಇದ್ದರೆ ಸಾಲದು. ಒತ್ತಕ್ಷರ, ಹತ್ತು ಗಂಟೆ, ಹಿಂದಿನ ಬೆಂಚು ಎಂಬಷ್ಟು ಬೇಕು. ಅದರ ಕೆಳಗೆ ಇನ್ನೊಂದು ಸಾಲು, ಹೆಚ್ಚಿನವರು ಬರೆಯದೆ ಬಿಡುವ ಸಾಲು: ಆ ನಡುವೆ ಸಂದೇಶ ಬಂದರೆ ಹನ್ನೊಂದಕ್ಕೆ ನೋಡುವುದು, ದಿನ ಕೈಮೀರಿದರೆ ಬ್ಯಾಂಕ್ ಪಟ್ಟಿ ನಾಳೆಗೆ. ಏನು ಬೀಳಬಹುದೆಂದು ಬರೆಯದ ಪಟ್ಟಿಯಲ್ಲಿ ಎಲ್ಲಕ್ಕೂ ಒಂದೇ ಸಂಖ್ಯೆ ಇರುತ್ತದೆ, ಎಲ್ಲಕ್ಕೂ ಒಂದೇ ಸಂಖ್ಯೆ ಇದ್ದರೆ ಎಕ್ಸಿಕ್ಯುಟಿವ್ ಕೂಡ ಏನೂ ಮಾಡಲಾರದು.

ಭಾರ ಹೊತ್ತವರು

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಕರಾರು ಉಳಿಯುತ್ತದೆ, ಅದು ನ್ಯಾಯವಾದದ್ದೇ. ಮೇಷ್ಟರಿಗೆ ಸಂದೇಶವನ್ನು ಹನ್ನೊಂದಕ್ಕೆ ನೋಡುವ ಸ್ವಾತಂತ್ರ್ಯ ಇದೆಯೇ? ವಾರ್ಡಿನ ನರ್ಸಿಗೆ, ಬಸ್ಸಿನ ಕಂಡಕ್ಟರಿಗೆ, ಮೂರು ಮನೆಯ ಪಾತ್ರೆ ತೊಳೆಯುವ ಹೆಂಗಸಿಗೆ? ಅವರ ಕೆಲಸಗಳ ಸಂಖ್ಯೆ ಬರೆಯುವವರು ಬೇರೆಯವರು. ದಕ್ಷತೆಯ ಪುಸ್ತಕಗಳು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಹಾರಿಸಿ ಮುಂದೆ ಹೋಗುತ್ತವೆ, ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳಬಲ್ಲವರಿಗಾಗಿಯೇ ಬರೆದವು ಅವು.

ಅಪೋಲೊ ದಾಖಲೆಯಲ್ಲಿ ಇದಕ್ಕೂ ಒಂದು ಸುಳಿವಿದೆ. ಮೊದಲ ಎಚ್ಚರಿಕೆಗಳ ನಡುವೆ ಆಲ್ಡ್ರಿನ್ ಒಂದನ್ನು ಗಮನಿಸಿದರು: ತಾನು ಎತ್ತರದ ಲೆಕ್ಕದ ವ್ಯತ್ಯಾಸವನ್ನು ಪರದೆಯ ಮೇಲೆ ಕೇಳಿದಾಗಲೇ 1202 ಬರುತ್ತಿದೆ. ಹಾಗೆಂದು ಹ್ಯೂಸ್ಟನ್ನಿಗೆ ಹೇಳಿದರು. ಅದನ್ನು ನೋಡುವುದನ್ನು ಬಿಡಿ ಎಂದಷ್ಟೇ ಹೇಳಿ ಹ್ಯೂಸ್ಟನ್ ಸುಮ್ಮನಾಗಬಹುದಿತ್ತು. ಸುಮ್ಮನಾಗಲಿಲ್ಲ. ಆ ಅಂಕಿ ತಮ್ಮ ಪರದೆಗಳಲ್ಲೂ ಬರುತ್ತಿದ್ದುದರಿಂದ, ಇನ್ನು ಅದನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ಭೂಮಿಯವರು ಹೇಳಿದರು. ಇಕ್ಕಟ್ಟಿನಲ್ಲಿದ್ದವರ ಹೆಗಲಿನ ಒಂದು ಕೆಲಸ, ಜಾಗ ಧಾರಾಳವಾಗಿದ್ದವರ ಹೆಗಲಿಗೆ ಹೋಯಿತು. ನಮ್ಮ ಕಚೇರಿಗಳಲ್ಲಿ ಕೆಲಸ ಸಾಗುವುದು ಇದರ ಉಲ್ಟಾ ದಿಕ್ಕಿನಲ್ಲಿ: ಅಂಕಿ ತನ್ನ ಬಳಿಯೇ ಇದ್ದರೂ ಮೇಲಿನವರು ಅದನ್ನು ಕೆಳಗಿನವರಿಂದ ಮತ್ತೆ ಕೇಳುತ್ತಾರೆ, ಹೋದ ವಾರ ಕೊಟ್ಟದ್ದನ್ನೇ ಈ ವಾರ ಬೇರೆ ನಮೂನೆಯಲ್ಲಿ ಕೇಳುತ್ತಾರೆ. ಅಂಥಲ್ಲಿ ಚೀಟಿ ಬರೆದಿಡಬೇಕಾದವರು ಮೇಷ್ಟರಲ್ಲ, ತುರ್ತು ಎಂದು ಟೈಪು ಮಾಡುವವರು. ಕಳುಹಿಸುವ ಗುಂಡಿ ಒತ್ತುವ ಮೊದಲು, ಇದು ನಮ್ಮ ಕಡತದಲ್ಲಿ ಆಗಲೇ ಇದೆಯೇ ಎಂದು ಅವರು ಒಮ್ಮೆ ಹುಡುಕಿ ನೋಡಿದರೂ ಕೆಳಗೆ ಎಷ್ಟೋ ಗೂಡುಗಳು ತೆರವಾಗುತ್ತವೆ.